ಬೀರುವೋ, ಬೀರೋವೋ?

ಚೆನ್ನೈ ಕನ್ನಡಿಗರ ಮಕ್ಕಳು 'ಬೀರೋ' ಅಂದರೆ ಸಾಕು, "ಅದು ತಮಿಳು ಕಣೋ, ಬೀರು ಅನ್ನು" ಅಂತ ಹಿರಿಯರು ಗದರುತ್ತಾರೆ. ಕೋಡಂಬಾಕ್ಕಂನ ನಮ್ಮ ಮನೆಯಲ್ಲೂ ಇದೇ ಕತೆ. (ಕುಡಿಯೋ ಬೀರಲ್ಲ ಮತ್ತೆ, ಸೀರೆ-ಒಡವೆ ಇಡೋ ಕಬ್ಬಿಣದ ಕಪಾಟು!)

ಎರಡಕ್ಕೂ ಮೂಲ ಇಂಗ್ಲಿಷಿನ ಬ್ಯೂರೋ. ಅದು ಫ್ರೆಂಚಿನಿಂದ ಬಂದದ್ದು. ಹಳೆಯ ಫ್ರೆಂಚಿನಲ್ಲಿ 'ಬುರೆಲ್' ಅಂದರೆ ಒರಟು ಉಣ್ಣೆಬಟ್ಟೆ. ಅದನ್ನು ಹಾಸಿದ ಬರೆಯುವ ಮೇಜಿಗೆ ಆ ಹೆಸರಾಯಿತು, ಆಮೇಲೆ ಮೇಜಿದ್ದ ಕಚೇರಿಗೂ. 18ನೇ ಶತಮಾನದಲ್ಲಿ ಕಚೇರಿಯ ದರ್ಬಾರಿಗೆ ಬ್ಯೂರಾಕ್ರಸಿ ಎಂಬ ಹೆಸರು ಹುಟ್ಟಿತು. ಬ್ರಿಟನ್ನಿನಲ್ಲಿ ಬ್ಯೂರೋ ಅಂದರೆ ಬರೆಯುವ ಮೇಜು. ಅಮೆರಿಕದಲ್ಲಿ ಬಟ್ಟೆಯಿಡುವ ಡ್ರಾಯರುಗಳ ಪೀಠೋಪಕರಣ.

ಬಟ್ಟೆಯಾಗಿ ಹುಟ್ಟಿದ ಪದ ಊರೂರು ಸುತ್ತಿ ನಮ್ಮಲ್ಲಿ ಬಟ್ಟೆಗೇ ಕಾವಲು ನಿಂತಿದೆ. ಉಚ್ಚಾರ ನೋಡಿದರೆ ಮಕ್ಕಳ ಬೀರೋನೇ ಫ್ರೆಂಚಿಗೆ ಹತ್ತಿರ. ಗದರೋದು ಯಾಕೆ ಸ್ವಾಮಿ? ಎರಡೂ ವಲಸೆ ಬಂದವೇ, ನಮ್ಮ ಹಾಗೆ.