ಇಸ್ತ್ರಿಪೆಟ್ಟಿಗೆ: ಹೊರೆ ಹೊತ್ತವರೇ ಹಗುರ ಮಾಡಿದ ಕಥೆ

ಭಾನುವಾರ ಸಂಜೆಯಾಯಿತೆಂದರೆ ಬಹಳಷ್ಟು ಮನೆಗಳಲ್ಲಿ ಒಂದು ಕೆಲಸ ಕಾದು ಕುಳಿತಿರುತ್ತದೆ. ತಂತಿಯಿಂದ ತೆಗೆದ ಬಟ್ಟೆಗಳೆಲ್ಲ ಕುರ್ಚಿಯ ಮೇಲೆ ಗುಡ್ಡೆ ಬಿದ್ದಿರುತ್ತವೆ. ಮಕ್ಕಳ ಸಮವಸ್ತ್ರ, ಕಚೇರಿಗೆ ಹೋಗುವವರ ಅಂಗಿ, ಗಂಜಿ ಹಾಕಿದ ಹತ್ತಿ ಸೀರೆ ಎಲ್ಲವೂ ಬೆಳಗಾಗುವುದರೊಳಗೆ ಇಸ್ತ್ರಿಯಾಗಬೇಕು. ರುಬ್ಬುವುದಕ್ಕೆ ಯಂತ್ರ ಬಂತು, ಒಗೆಯುವುದಕ್ಕೂ ಬಂತು. ಇಸ್ತ್ರಿ ಮಾತ್ರ ಇಂದಿಗೂ ಒಂದೊಂದೇ ಬಟ್ಟೆ ಹಿಡಿದು, ಕೈಯಾಡಿಸಿ ಮಾಡುವ ಕೆಲಸವಾಗಿಯೇ ಉಳಿದಿದೆ. ಹಾಗೆಂದು ಇದನ್ನು ಹಗುರ ಮಾಡುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಅವುಗಳಿಗೆ ದೊಡ್ಡ ಚರಿತ್ರೆಯೇ ಇದೆ.

ಮೊದಲಿಗೆ, ಬಟ್ಟೆ ಸುಕ್ಕಾಗುವುದಾದರೂ ಏಕೆ? ಹತ್ತಿಯ ಎಳೆಯಲ್ಲಿ ಸೆಲ್ಯುಲೋಸಿನ ಉದ್ದನೆಯ ಸರಪಳಿಗಳಿವೆ. ಇವನ್ನು ಒಂದಕ್ಕೊಂದು ಹಿಡಿದಿಡುವುದು ದುರ್ಬಲವಾದ ಹೈಡ್ರೋಜನ್ ಬಂಧಗಳು. ನೀರು ತಗುಲಿದರೆ ಈ ಬಂಧಗಳು ಸಡಿಲಗೊಳ್ಳುತ್ತವೆ. ಒಣಗಿದಾಗ ಬಟ್ಟೆ ಹೇಗೆ ಮುದುಡಿತ್ತೋ ಹಾಗೆಯೇ ಮತ್ತೆ ಬಿಗಿಯುತ್ತವೆ. ತೇವ, ಬಿಸಿ, ಒತ್ತಡ ಈ ಮೂರೂ ಕೂಡಿದರೆ ಎಳೆಗಳು ನೇರವಾಗುತ್ತವೆ. ಇಸ್ತ್ರಿಗೆ ಮುನ್ನ ನೀರು ಚಿಮುಕಿಸುವ ಹಳೆಯ ರೂಢಿಯ ಹಿಂದಿರುವುದು ಇದೇ ತತ್ವ.

ಈ ಗುಟ್ಟನ್ನು ಚೀನೀಯರು ಬಹಳ ಹಿಂದೆಯೇ ಅರಿತಿದ್ದರು. ಚಕ್ರವರ್ತಿ ಹುಯಿಜೋಂಗನ ಹೆಸರಿನಲ್ಲಿರುವ 12ನೇ ಶತಮಾನದ ಚಿತ್ರವೊಂದು ಅಮೆರಿಕದ ಬಾಸ್ಟನ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಸ್ತ್ರೀಯರು ರೇಷ್ಮೆ ಬಟ್ಟೆಯನ್ನು ಎರಡೂ ಬದಿಯಿಂದ ಎಳೆದು ಹಿಡಿದಿದ್ದಾರೆ. ಒಬ್ಬಾಕೆ ಕೆಂಡ ತುಂಬಿದ ಬಾಣಲೆಯಂಥ ಪಾತ್ರೆಯನ್ನು ಅದರ ಮೇಲೆ ಆಡಿಸುತ್ತಿದ್ದಾಳೆ.

ಯೂರೋಪ್ ಮತ್ತು ಅಮೆರಿಕದ ಮನೆಗಳಲ್ಲಿ 19ನೇ ಶತಮಾನದಲ್ಲಿ ಇದ್ದದ್ದು ಗಟ್ಟಿ ಕಬ್ಬಿಣದ ತುಂಡು. ಒಲೆಯ ಮೇಲಿಟ್ಟು ಕಾಯಿಸಬೇಕು, ತಣ್ಣಗಾಗುವಷ್ಟರಲ್ಲಿ ಇನ್ನೊಂದನ್ನು ಕಾಯಲು ಇಟ್ಟಿರಬೇಕು. ಹಿಡಿಯೂ ಕಬ್ಬಿಣದ್ದೇ ಆದ್ದರಿಂದ ದಪ್ಪ ಬಟ್ಟೆ ಸುತ್ತದೆ ಮುಟ್ಟುವಂತಿರಲಿಲ್ಲ. ಬೇಸಿಗೆಯಲ್ಲೂ ಒಲೆ ಉರಿಯುತ್ತಲೇ ಇರಬೇಕಿತ್ತು.

ಇದಕ್ಕೊಂದು ಪರಿಹಾರ ಕಂಡುಕೊಂಡವರು ಕಾರ್ಖಾನೆಯ ಯಜಮಾನರಲ್ಲ. ಅಮೆರಿಕದ ಅಯೋವಾ ರಾಜ್ಯದ ಮೇರಿ ಫ್ಲಾರೆನ್ಸ್ ಪಾಟ್ಸ್ ಎಂಬ ಗೃಹಿಣಿ, ಬಿಚ್ಚಿ ತೊಡಿಸಬಹುದಾದ ಮರದ ಹಿಡಿಗೆ 1871ರಲ್ಲಿ ಪೇಟೆಂಟ್ ಪಡೆದರು. ಕಬ್ಬಿಣ ಒಲೆಯ ಮೇಲೆ ಕಾಯುತ್ತಿದ್ದರೂ ಹಿಡಿ ತಣ್ಣಗೇ ಇರುತ್ತಿತ್ತು. ಗುಲಾಮಗಿರಿಯಲ್ಲಿ ಹುಟ್ಟಿ, ಮುಂದೆ ಬಟ್ಟೆ ಹೊಲಿದು ಜೀವನ ಸಾಗಿಸಿದ ಸಾರಾ ಬೂನ್ ಎಂಬ ಕರಿಯ ಮಹಿಳೆ 1892ರಲ್ಲಿ ಇಸ್ತ್ರಿಹಲಗೆಯನ್ನು ಸುಧಾರಿಸಿದರು. ತೋಳು ಮತ್ತು ಹೊಲಿಗೆಯ ತಿರುವುಗಳಿಗೆ ಹೊಂದುವ ಕಿರಿದಾದ, ಬಾಗಿದ ಹಲಗೆ ಅದು.

ಅಷ್ಟರಲ್ಲಿ, ಅಂದರೆ 1882ರಲ್ಲೇ, ನ್ಯೂಯಾರ್ಕಿನ ಹೆನ್ರಿ ಸೀಲಿ ವಿದ್ಯುತ್ ಇಸ್ತ್ರಿಪೆಟ್ಟಿಗೆಗೆ ಪೇಟೆಂಟ್ ಪಡೆದಿದ್ದರು. ಆದರೆ ವಿದ್ಯುತ್ ಇದ್ದ ಮನೆಗಳೇ ವಿರಳ. ಇದ್ದಲ್ಲಿಯೂ ದೀಪಕ್ಕೆಂದು ರಾತ್ರಿ ಮಾತ್ರ ಸರಬರಾಜು. ಕ್ಯಾಲಿಫೋರ್ನಿಯಾದ ವಿದ್ಯುತ್ ಕಂಪನಿಯೊಂದರಲ್ಲಿದ್ದ ಅರ್ಲ್ ರಿಚರ್ಡ್‌ಸನ್ 20ನೇ ಶತಮಾನದ ಆರಂಭದಲ್ಲಿ ಗೃಹಿಣಿಯರ ಅಹವಾಲು ಕೇಳಿ, ಇಸ್ತ್ರಿಯ ದಿನವಾದ ಮಂಗಳವಾರ ಹಗಲಿನಲ್ಲೂ ವಿದ್ಯುತ್ ಹರಿಯುವಂತೆ ಮಾಡಿದರು. ಮೂಲೆ, ಗುಂಡಿಗಳ ಸಂದಿಗೆ ಬಿಸಿ ತಾಗುವುದಿಲ್ಲವೆಂದು ಅವರು ದೂರಿದಾಗ ಪೆಟ್ಟಿಗೆಯ ಮೂತಿ ಚೆನ್ನಾಗಿ ಕಾಯುವಂತೆ ತಿದ್ದಿದರು. ‘ಹಾಟ್‌ಪಾಯಿಂಟ್’ ಎಂಬ ಹೆಸರು ಹುಟ್ಟಿದ್ದು ಹೀಗೆ.

ನಮ್ಮಲ್ಲಿ ಈ ಕಥೆ ಬೇರೆಯೇ ದಾರಿ ಹಿಡಿಯಿತು. ‘ಇಸ್ತ್ರಿ’ ಎಂಬ ಪದವೇ ‘ಹಿಗ್ಗಿಸು’ ಎಂಬ ಅರ್ಥದ ಪೋರ್ಚುಗೀಸ್ ಮಾತಿನಿಂದ ಬಂದುದೆಂದು ವಿದ್ವಾಂಸರು ಗುರುತಿಸಿದ್ದಾರೆ. ಚಾವಿ, ಅಲಮಾರುಗಳೂ ಅದೇ ಹಡಗಿನಲ್ಲಿ ಬಂದ ಮಾತುಗಳು. ಹೊಲಿಯದ ಪಂಚೆ, ಸೀರೆಗಳಿಗೆ ಮಡಿಕೆ ಹಾಕಿ ಹಾಸಿಗೆಯ ಕೆಳಗಿಟ್ಟರೂ ಸಾಕಾಗುತ್ತಿತ್ತು. ಹೆಚ್ಚೆಂದರೆ ತಂಬಿಗೆಗೆ ಕೆಂಡ ತುಂಬಿ ಉಜ್ಜುತ್ತಿದ್ದರು. ಶಾಲೆ, ಕಚೇರಿಗಳ ಅಂಗಿ-ಷರಾಯಿ ಬಂದ ಮೇಲೆ ಗರಿಗರಿ ಮಡಿಕೆ ಮರ್ಯಾದೆಯ ಗುರುತಾಯಿತು. ಆ ಭಾರ ಬಿದ್ದದ್ದು ಬಹುಮಟ್ಟಿಗೆ ಮಡಿವಾಳ ಕುಟುಂಬಗಳ ಕೈಗೆ. ಹಳ್ಳಿಯಲ್ಲಿ ಊರವರ ಬಟ್ಟೆ ಒಗೆದು ಸುಗ್ಗಿಯಲ್ಲಿ ಆಯದ ಧಾನ್ಯ ಪಡೆಯುತ್ತಿದ್ದವರಲ್ಲಿ ಎಷ್ಟೋ ಮಂದಿ ಪೇಟೆಗೆ ಬಂದು, ಮರದ ನೆರಳಿನ ತಳ್ಳುಗಾಡಿಯಲ್ಲಿ ಐದಾರು ಕಿಲೋ ತೂಕದ ಇದ್ದಿಲ ಪೆಟ್ಟಿಗೆ ಹಿಡಿದರು. ಮನೆಯವರಿಗೆ ಸುಲಭವಾಯಿತು ನಿಜ. ಆದರೆ ಹೊಗೆ, ಬೂದಿ, ತೋಳುನೋವು ಇಲ್ಲವಾಗಲಿಲ್ಲ. ಮನೆಯಿಂದ ಬೀದಿಗೆ ಹೋದವು, ಅಷ್ಟೆ.

ಬಟ್ಟೆಯನ್ನೇ ಬದಲಿಸುವ ಉಪಾಯವೂ ನಡೆಯಿತು. ಇಂಗ್ಲೆಂಡಿನಲ್ಲಿ 1941ರಲ್ಲಿ ಸಿದ್ಧವಾದ ಪಾಲಿಯೆಸ್ಟರ್ ನೂಲು ಮುಂದೆ ಟೆರಿಲಿನ್, ಟೆರಿಕಾಟ್‌ಗಳ ರೂಪದಲ್ಲಿ ನಮ್ಮ ಮದುವೆ ಮನೆಗಳನ್ನೂ ಹೊಕ್ಕಿತು. ಒಗೆದು ಒಣಹಾಕಿದರೆ ಸಾಕು ಎಂಬುದೇ ಅದರ ಆಕರ್ಷಣೆ. ಆದರೆ ಸೆಕೆಗೆ ಹತ್ತಿಯೇ ಹಿತವಲ್ಲವೇ? ಅಮೆರಿಕದ ರಸಾಯನ ವಿಜ್ಞಾನಿ ರುತ್ ಬೆನೆರಿಟೊ ಮತ್ತು ಸಂಗಡಿಗರು, ಹತ್ತಿಯ ಸರಪಳಿಗಳನ್ನು ಗಟ್ಟಿ ಬಂಧಗಳಿಂದ ಬೆಸೆದು ಸುಕ್ಕಾಗದಂತೆ ಮಾಡುವ ಕ್ರಮವನ್ನು ಬೆಳೆಸಿದರು.

ಬೀದಿಯ ಗಾಡಿಯತ್ತ ಗಮನ ಹರಿದದ್ದು ಮಾತ್ರ ತಡವಾಗಿ. ಈಚಿನ ವರ್ಷಗಳಲ್ಲಿ ಬೆಂಗಳೂರು ಮೊದಲಾದ ನಗರಗಳಲ್ಲಿ ಇದ್ದಿಲಿನ ಬದಲು ಅಡುಗೆ ಅನಿಲದ ಪೆಟ್ಟಿಗೆಗಳು ಕಾಣಿಸಿಕೊಂಡಿವೆ. ನೆರೆಯ ತಮಿಳುನಾಡಿನ ತಿರುವಣ್ಣಾಮಲೈಯ ಶಾಲಾ ಬಾಲಕಿ ವಿನಿಶಾ ಉಮಾಶಂಕರ್, ತನ್ನ ಬೀದಿಯ ಇಸ್ತ್ರಿಯವರು ಉರಿದ ಇದ್ದಿಲು ಚೆಲ್ಲುವುದನ್ನು ಕಂಡು ಸೌರಶಕ್ತಿಯ ಗಾಡಿಯನ್ನು ರೂಪಿಸಿದಳು. 2021ರ ಅರ್ಥ್‌ಶಾಟ್ ಪ್ರಶಸ್ತಿಯ ಅಂತಿಮ ಸುತ್ತಿನಲ್ಲಿ ಆ ಗಾಡಿಯೂ ಇತ್ತು. 2024ರಲ್ಲಿ ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಳಿ ಇನ್ನೂ ಸರಳವಾದ ದಾರಿ ಹಿಡಿಯಿತು: ಸೋಮವಾರ ಇಸ್ತ್ರಿಯಿಲ್ಲದ ಬಟ್ಟೆ ತೊಟ್ಟು ವಿದ್ಯುತ್ ಉಳಿಸಿ ಎಂದು ತನ್ನ ಸಿಬ್ಬಂದಿಗೆ ಕರೆ ಕೊಟ್ಟಿತು.

ಮನೆಯ ಮಟ್ಟಿಗೆ ಹೇಳುವುದಾದರೆ ಹಳೆಯ ಜಾಣ್ಮೆ ಇಂದಿಗೂ ಸಲ್ಲುತ್ತದೆ. ಬಟ್ಟೆಯನ್ನು ಚೆನ್ನಾಗಿ ಕೊಡವಿ ಒಣಹಾಕಿದರೆ ಅರ್ಧ ಸುಕ್ಕು ಅಲ್ಲೇ ಹೋಗುತ್ತದೆ. ತುಸು ತೇವವಿದ್ದಾಗಲೇ ಇಸ್ತ್ರಿ ಮಾಡಬೇಕು. ಕಡಿಮೆ ಬಿಸಿ ಬೇಡುವ ನೈಲಾನ್, ರೇಷ್ಮೆ ಮೊದಲು, ಹತ್ತಿ ಆಮೇಲೆ. ಸ್ವಿಚ್ ಆರಿಸಿದ ನಂತರ ಉಳಿದ ಬಿಸಿಯಲ್ಲಿ ಕರವಸ್ತ್ರಗಳು. ಒಳಉಡುಪು, ಹೊದಿಕೆಗಳಿಗೆ ಇಸ್ತ್ರಿಯೇ ಬೇಡ.

ಇನ್ನೊಂದು ಉಪಾಯವನ್ನು ಹೇಳಲು ಮಾತ್ರ ಯಾವ ವಿಜ್ಞಾನಿಯೂ ಬೇಕಿಲ್ಲ. ಭಾನುವಾರ ಸಂಜೆಯ ಆ ಗುಡ್ಡೆಯಿಂದ ಅವರವರ ಅಂಗಿಯನ್ನು ಅವರವರೇ ಎತ್ತಿಕೊಂಡರೆ ಸಾಕು. ಪೆಟ್ಟಿಗೆಯ ತೂಕ ಎಷ್ಟೆಂಬುದು ಒಮ್ಮೆ ಕೈಗೆ ತಿಳಿದರೆ, ಬೀದಿಯ ಗಾಡಿಯವನೊಡನೆ ಎರಡು ರೂಪಾಯಿಗೆ ಚೌಕಾಸಿ ಮಾಡುವ ಮನಸ್ಸೂ ಬರಲಾರದು.