ಪರದೆ ಕಾಣದ ಗಿರಾಕಿ

ಬ್ಯಾರಿ ಎಂಬ ಹೆಸರು ವ್ಯಾಪಾರ ಎಂಬ ಅರ್ಥದ 'ಬ್ಯಾರ' ಎಂಬ ತುಳು ಪದದಿಂದ ಬಂದಿದೆ ಎನ್ನುವವರಿದ್ದಾರೆ. ಹೆಸರಿನ ಮೂಲ ಏನೇ ಇರಲಿ, ಮಂಗಳೂರಿನಿಂದ ಕಾಸರಗೋಡಿನವರೆಗೆ ನಮ್ಮವರ ಬದುಕಿನಲ್ಲಿ ಅಂಗಡಿಗೆ ದೊಡ್ಡ ಜಾಗವಿದೆ. ಈಗ ಜವಳಿ ಅಂಗಡಿ, ಬೇಕರಿ, ಟ್ರಾವೆಲ್ಸ್ ನಡೆಸುವ ಹಲವರಿಗೆ ಎರಡು ಬಾಗಿಲುಗಳಿವೆ. ಒಂದು ರಸ್ತೆಗೆ, ಇನ್ನೊಂದು ಮೊಬೈಲಿಗೆ. ಕಣ್ಣು ಕಾಣದವರು, ಕಿವಿ ಕೇಳದವರು, ಕೈ ಸ್ವಾಧೀನದಲ್ಲಿಲ್ಲದವರು ಆ ಎರಡನೆಯ ಬಾಗಿಲಿನಿಂದ ಒಳಗೆ ಬರಬಲ್ಲರೇ? ಈ ಪ್ರಶ್ನೆಗೆ ಸುಮಾರು ಮೂವತ್ತು ವರ್ಷಗಳ ಚರಿತ್ರೆಯಿದೆ.

1989ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ವೆಬ್‌ನ ಯೋಜನೆ ಮುಂದಿಟ್ಟರು. ಮೊದಲ ಪುಟಗಳಲ್ಲಿ ಇದ್ದದ್ದು ಬರೇ ಅಕ್ಷರ. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಅಕ್ಷರವಿದ್ದರೆ ಸಾಕು. 1993ರಲ್ಲಿ ಮೊಸಾಯಿಕ್ ಬ್ರೌಸರ್ ಬಂದ ಮೇಲೆ ಅಕ್ಷರದ ನಡುವೆಯೇ ಚಿತ್ರಗಳು ಕಾಣತೊಡಗಿದವು. ಪುಟ ಚೆಂದವಾಯಿತು, ಆದರೆ ಕಣ್ಣು ಕಾಣದವರ ಮುಂದೆ ಬಾಗಿಲು ಮುಚ್ಚತೊಡಗಿತು. ಚಿತ್ರದ ಜೊತೆ ಅದರ ವಿವರಣೆಯನ್ನು ಬರೆದಿಡುವ 'ಆಲ್ಟ್' ಸೌಲಭ್ಯ 1995ರ ಎಚ್‌ಟಿಎಂಎಲ್ ನಿಯಮದಲ್ಲೇ ಇತ್ತು. ಬರೆಯುವವರು ಕಡಿಮೆಯಿದ್ದರು, ಅಷ್ಟೇ.

ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1997ರಲ್ಲಿ ಇದಕ್ಕೆಂದೇ ಒಂದು ವಿಭಾಗ ತೆರೆಯಿತು. 1999ರ ಮೇ 5ರಂದು ಮೊದಲ ಮಾರ್ಗಸೂಚಿ ಹೊರಬಂತು. ಅದರಲ್ಲಿ 14 ಸೂತ್ರಗಳಿದ್ದವು. ನೋಡುವ ಅಥವಾ ಕೇಳುವ ವಿಷಯ ಏನಿದ್ದರೂ ಅದಕ್ಕೆ ಸಮನಾದ ಬದಲಿ ರೂಪ ಕೊಡಬೇಕೆಂಬುದು ಮೊದಲ ಸೂತ್ರ.

ಆ ಮಾರ್ಗಸೂಚಿಗೆ ಸವಾಲು ಎದುರಾಗಲು ತಡವಾಗಲಿಲ್ಲ. ಹುಟ್ಟಿನಿಂದಲೇ ಕಣ್ಣು ಕಾಣದ ಬ್ರೂಸ್ ಮಗ್ವೈರ್ ಎಂಬ ಆಸ್ಟ್ರೇಲಿಯನ್, 1999ರಲ್ಲಿ ಸಿಡ್ನಿ ಒಲಿಂಪಿಕ್ಸ್ ಸಂಘಟನಾ ಸಮಿತಿಯ ವಿರುದ್ಧ ದೂರು ಕೊಟ್ಟರು. ಒಲಿಂಪಿಕ್ಸ್ ವೆಬ್‌ಸೈಟಿನ ಚಿತ್ರಗಳಿಗೆ ವಿವರಣೆ ಇರಲಿಲ್ಲ, ಫಲಿತಾಂಶದ ಪಟ್ಟಿಗಳನ್ನು ಓದಲಾಗುತ್ತಿರಲಿಲ್ಲ. ಸರಿಪಡಿಸಲು ಒಬ್ಬ ಮನುಷ್ಯ ದಿನಕ್ಕೆ 8 ಗಂಟೆ ದುಡಿದರೂ 368 ದಿನ ಬೇಕು ಎಂದು ಸಮಿತಿ ವಾದಿಸಿತು. ಅಷ್ಟೆಲ್ಲ ಬೇಕಾಗಿಲ್ಲ ಎಂದು ತಜ್ಞರು ಹೇಳಿದರು. 2000ದ ಆಗಸ್ಟ್‌ನಲ್ಲಿ ಮಾನವ ಹಕ್ಕು ಆಯೋಗ ಮಗ್ವೈರ್ ಪರ ತೀರ್ಪು ಕೊಟ್ಟಿತು. ಸಮಿತಿ ಪೂರ್ತಿ ಪಾಲಿಸದೇ ಹೋದಾಗ 20,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಬೇಕಾಯಿತು. 'ಬಹಳ ಖರ್ಚಾಗುತ್ತದೆ' ಎಂಬ ಮಾತು ಅಂದಿನಿಂದ ಇಂದಿನವರೆಗೂ ಕೇಳಿಬರುತ್ತಲೇ ಇದೆ. ಪುಟ ಕಟ್ಟುವಾಗಲೇ ಗಮನ ಕೊಟ್ಟರೆ ಖರ್ಚು ಅಲ್ಪ, ಕಟ್ಟಿದ ಮೇಲೆ ಒಡೆದು ಸರಿಮಾಡುವುದೇ ದುಬಾರಿ.

ಅಮೆರಿಕದಲ್ಲಿ ಈ ಪ್ರಶ್ನೆ ನೇರವಾಗಿ ಅಂಗಡಿಗೇ ಬಂತು. ಅಲ್ಲಿನ 1990ರ ಅಂಗವಿಕಲರ ಕಾಯ್ದೆ ಅಂಗಡಿ, ಹೋಟೆಲುಗಳಲ್ಲಿ ತಾರತಮ್ಯ ಸಲ್ಲದು ಎನ್ನುತ್ತದೆ. ವೆಬ್‌ಸೈಟಿನ ಮಾತು ಅದರಲ್ಲಿಲ್ಲ. 2006ರಲ್ಲಿ ದೃಷ್ಟಿಹೀನರ ರಾಷ್ಟ್ರೀಯ ಒಕ್ಕೂಟ ಟಾರ್ಗೆಟ್ ಮಳಿಗೆಯ ವಿರುದ್ಧ ಮೊಕದ್ದಮೆ ಹೂಡಿತು. ಆ ಸೈಟಿನಲ್ಲಿ ಮೌಸ್ ಇಲ್ಲದೆ ಖರೀದಿ ಮುಗಿಸಲು ಆಗುತ್ತಿರಲಿಲ್ಲ. ಬಾಣದ ಗುರುತು ಕಾಣದವರಿಗೆ ಮೌಸ್‌ನಿಂದ ಏನು ಪ್ರಯೋಜನ? 2008ರಲ್ಲಿ 60 ಲಕ್ಷ ಡಾಲರಿಗೆ ರಾಜಿಯಾಯಿತು. 2016ರಲ್ಲಿ ಗಿಲೆರ್ಮೋ ರೋಬ್ಲೆಸ್ ಎಂಬ ದೃಷ್ಟಿಹೀನರು ತಮಗಿಷ್ಟವಾದ ಪಿಜ್ಜಾ ತರಿಸಿಕೊಳ್ಳಲಾಗಲಿಲ್ಲ ಎಂದು ಡೊಮಿನೋಸ್ ವಿರುದ್ಧ ಕೋರ್ಟಿಗೆ ಹೋದರು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಕಾಯ್ದೆ ಸೈಟಿಗೂ ಆ್ಯಪ್‌ಗೂ ಅನ್ವಯಿಸುತ್ತದೆ ಎಂದಿತು. ಕಂಪನಿಯ ಮನವಿಯನ್ನು ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲಿಲ್ಲ.

ಮುಂದೆ ಸಣ್ಣ ಅಂಗಡಿಗಳ ಮೇಲೂ ಮೊಕದ್ದಮೆಗಳು ಬಿದ್ದವು. ಹೆದರಿದವರಿಗೆ ಒಂದು ಸಾಲು ಕೋಡ್ ಸೇರಿಸಿದರೆ ಎಲ್ಲ ಸರಿಯಾಗುತ್ತದೆಂದು ಮಾರುವವರೂ ಹುಟ್ಟಿಕೊಂಡರು. 2025ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅಂಥ ಒಂದು ಕಂಪನಿ ಕೊಟ್ಟ ಭರವಸೆ ಸುಳ್ಳೆಂದು 10 ಲಕ್ಷ ಡಾಲರ್ ಕಟ್ಟಿಸಿತು. ಅಡ್ಡದಾರಿಯಿಂದ ಬಾಗಿಲು ತೆರೆಯುವುದಿಲ್ಲ.

ನಮ್ಮ ದೇಶದ 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಸೇವೆ ಕೊಡುವವರು ಸರಕಾರವಿರಲಿ ಖಾಸಗಿಯವರಿರಲಿ, ಎಲ್ಲರಿಗೂ ಎಟಕುವಂತೆ ಕೊಡಬೇಕೆಂದು ಅದರ 46ನೇ ಸೆಕ್ಷನ್ ಹೇಳುತ್ತದೆ. ಬ್ಯಾಂಕಿನ ಕೆವೈಸಿಗೆ ಕ್ಯಾಮರಾ ಮುಂದೆ ಕಣ್ಣು ಮಿಟುಕಿಸಬೇಕಾದಾಗ, ಆ್ಯಸಿಡ್ ದಾಳಿಯಲ್ಲಿ ಕಣ್ಣಿಗೆ ಹಾನಿಯಾದವರು ಏನು ಮಾಡಬೇಕು? ಅವರೂ ದೃಷ್ಟಿಹೀನರೂ ತಂದ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ನೀಡಿತು. ಡಿಜಿಟಲ್ ಸೌಲಭ್ಯವನ್ನು ಬಳಸುವ ಅವಕಾಶವೂ ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗ ಎಂದಿತು.

ಕನ್ನಡದಲ್ಲಿ ಬರೆಯುವ ವ್ಯಾಪಾರಿಗಳಿಗೆ ಇದರಲ್ಲಿ ಬೇರೆಯದೇ ಒಂದು ಪಾಠವಿದೆ. ಯುನಿಕೋಡ್ ಬಳಕೆಗೆ ಬರುವ ಮೊದಲು ನಮ್ಮ ಅಕ್ಷರಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ ಆಗಿದ್ದವು. ಸ್ಕ್ರೀನ್ ರೀಡರ್ ಅಂಥ ಪುಟವನ್ನು ಓದಿದರೆ ಅರ್ಥವಿಲ್ಲದ ಗದ್ದಲ. ಯುನಿಕೋಡ್ ಆ ತೊಡಕನ್ನು ಕಳೆಯಿತು. ಆಸ್ಟ್ರೇಲಿಯದ ಇಬ್ಬರು ದೃಷ್ಟಿಹೀನ ಯುವಕರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಇಂದು ಕನ್ನಡವನ್ನೂ ಓದುತ್ತದೆ. ಆದರೆ ನಾವು ದರಪಟ್ಟಿಯನ್ನು ಪೋಸ್ಟರ್ ಮಾಡಿ, ಚಿತ್ರವಾಗಿ ಹಾಕಿ, ಯಂತ್ರ ಓದಬಲ್ಲ ಅಕ್ಷರವನ್ನು ಮತ್ತೆ ಕಸಿದುಕೊಳ್ಳುತ್ತಿದ್ದೇವೆ. ಕಾಸರಗೋಡಿನ ಅಂಗಡಿಯ ಪುಟದಲ್ಲಿ ಮಲಯಾಳಂ, ಕನ್ನಡ, ಇಂಗ್ಲಿಷ್ ಮೂರೂ ಇದ್ದರೆ, ಯಾವ ಭಾಗ ಯಾವ ಭಾಷೆ ಎಂದು ಕೋಡ್‌ನಲ್ಲಿ ಗುರುತು ಹಾಕಬೇಕು. ಆಗ ಸರಿಯಾದ ಧ್ವನಿ ಸರಿಯಾದ ಸಾಲನ್ನು ಓದುತ್ತದೆ. ಕನ್ನಡ ಲಿಪಿಯಲ್ಲಿ ಬರೆದ ಬ್ಯಾರಿ ಮಾತನ್ನೂ ಕನ್ನಡದ ಧ್ವನಿಯಿಂದ ಓದಿಸಬಹುದು.

ಉಳಿದದ್ದು ದೊಡ್ಡ ಕೆಲಸವಲ್ಲ. ಚಿತ್ರಕ್ಕೆ ಒಂದು ಸಾಲು ವಿವರಣೆ, ವೀಡಿಯೊಗೆ ಬರಹ, ಅಕ್ಷರಕ್ಕೂ ಹಿನ್ನೆಲೆಗೂ ಎದ್ದು ಕಾಣುವ ಬಣ್ಣವ್ಯತ್ಯಾಸ, ಕೀಬೋರ್ಡಿನಿಂದಲೇ ಮುಗಿಯುವ ಆರ್ಡರ್. ನಂತರ ಫೋನಿನ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ, ನಿಮ್ಮದೇ ಅಂಗಡಿಯಿಂದ ಒಂದು ವಸ್ತು ಕೊಂಡು ನೋಡಿ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಮಗ್ವೈರ್ ಆಗಲಿ ರೋಬ್ಲೆಸ್ ಆಗಲಿ ದಾನ ಕೇಳಲಿಲ್ಲ. ಒಬ್ಬರು ಆಟದ ಫಲಿತಾಂಶ ಓದಬೇಕೆಂದರು, ಇನ್ನೊಬ್ಬರು ಹಣ ಕೊಟ್ಟು ಊಟ ಕೊಳ್ಳಬೇಕೆಂದರು. ಬೇರೆಯವರ ಕೈ ಹಿಡಿಯದೆ ತಾವೇ ದರ ನೋಡಿ, ತಾವೇ ಆರಿಸಿ, ತಾವೇ ಕೊಳ್ಳುವುದು ಅವರ ಹಕ್ಕು. ಕೊಳ್ಳಲು ಬಂದವರನ್ನು ಬಾಗಿಲಲ್ಲೇ ಹಿಂದೆ ಕಳಿಸುವುದನ್ನು ಯಾವ ವ್ಯಾಪಾರಿಯೂ ವ್ಯಾಪಾರ ಎನ್ನಲಾರ.