ಕೆರೆಯ ಮೆಟ್ಟಿಲಿನಿಂದ ನಳದ ಬಿಲ್ಲಿನವರೆಗೆ

ನೀರಿನ ಬಿಲ್ಲು ಅಂದರೆ ಪಟ್ಟಣದ ಓದಿದವರ ಮನೆಯ ತಕರಾರು ಎಂದು ಅನೇಕ ಗೆಳೆಯರು ತಿಳಿದಿದ್ದಾರೆ. ಭೂಮಿಯ ಮಾತಿಗೆ, ಕೂಲಿಯ ಮಾತಿಗೆ ಸಭೆ ತುಂಬುತ್ತದೆ. ನಳದ ರಸೀದಿಯ ಮಾತು ಬಂದರೆ 'ಅದೇನ ಬಿಡ್ರಿ, ಮುನಸಿಪಾಲ್ಟಿ ಕೆಲಸ' ಅಂತ ಎದ್ದು ಹೋಗುತ್ತಾರೆ. ಆದರೆ ಈ ದೇಶದ ಅಸ್ಪೃಶ್ಯರು ನೀರಿಗಾಗಿ ಮಾಡಿದ ಬಹು ದೊಡ್ಡ ಹೋರಾಟ ನಡೆದದ್ದೇ ಒಂದು ಮುನಸಿಪಾಲ್ಟಿಯ ಕೆರೆಯ ಮೆಟ್ಟಿಲ ಮೇಲೆ. ಅದೂ ನಮ್ಮ ಜಿಲ್ಲೆ ಯಾವ ಸರಕಾರದ ಕೆಳಗಿತ್ತೋ ಅದೇ ಸರಕಾರದ ಕೆಳಗಿದ್ದ ಊರಿನಲ್ಲಿ.

ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಗೊಟಗೋಡಿಯನ್ನು ಇವತ್ತು ಜನ ರಾಕ್ ಗಾರ್ಡನ್ನಿಗಾಗಿ, ಜಾನಪದ ವಿಶ್ವವಿದ್ಯಾಲಯಕ್ಕಾಗಿ ಬಲ್ಲರು. 1997ರಲ್ಲಿ ಹಾವೇರಿ ಜಿಲ್ಲೆ ಆಗುವವರೆಗೆ ಈ ಸೀಮೆ ಧಾರವಾಡ ಜಿಲ್ಲೆ. 1956ಕ್ಕೆ ಮೊದಲು ಧಾರವಾಡ ಜಿಲ್ಲೆ ಮುಂಬಯಿಗೆ ಸೇರಿದ್ದು. ಮುಂಬಯಿ ಕೌನ್ಸಿಲಿನಲ್ಲಿ 1923ರ ಆಗಸ್ಟ್ 4ರಂದು ಎಸ್. ಕೆ. ಬೋಲೆ ತಂದ ಠರಾವು ಪಾಸಾಯಿತು: ಸಾರ್ವಜನಿಕ ಹಣದಲ್ಲಿ ಕಟ್ಟಿದ, ಕಾಯ್ದ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು. ಆ ಕಾಗದ ಧಾರವಾಡ ಜಿಲ್ಲೆಗೂ ಅನ್ವಯಿಸುವಂಥದ್ದೇ. ಪಕ್ಕದ ಸವಣೂರು ಮಾತ್ರ 1948ರವರೆಗೂ ನವಾಬರ ಸಂಸ್ಥಾನ. ಮುಂಬಯಿ ಕೌನ್ಸಿಲಿನ ಮಾತು ಅಲ್ಲಿಗೆ ತಟ್ಟುವಂತಿರಲಿಲ್ಲ. ಕೆಲವೇ ಹರದಾರಿಯ ಅಂತರದಲ್ಲಿ ಒಬ್ಬ ಮಾದಿಗನಿಗೆ ಬಾವಿಯ ಮೇಲೆ ಕಾಗದದ ಹಕ್ಕುಂಟು, ಇನ್ನೊಬ್ಬನಿಗೆ ಅದೂ ಇಲ್ಲ. ಬಾವಿಕಟ್ಟೆಯ ಹತ್ತಿರ ಬಂದರೆ ಇಬ್ಬರ ಪಾಡೂ ಒಂದೇ. ದೂರ ನಿಲ್ಲಬೇಕು, ಯಾರಾದರೂ ಕನಿಕರಪಟ್ಟು ಮೇಲಿನಿಂದ ಹೊಯ್ಯುವವರೆಗೆ ಕೊಡ ಹಿಡಿದು ಕಾಯಬೇಕು. ಕೇರಿಯ ಹೆಣ್ಣುಮಕ್ಕಳು ಹೀಗೆ ಕಾದ ಹೊತ್ತನ್ನು ಯಾವ ಗೆಜೆಟಿಯರೂ ಲೆಕ್ಕ ಹಾಕಿಲ್ಲ.

ಕೊಲಾಬಾ ಜಿಲ್ಲೆಯ ಮಹಾಡ ಮುನಸಿಪಾಲ್ಟಿ 1924ರಲ್ಲಿ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಎಂದು ಠರಾವು ಬರೆಯಿತು. ಬರೆದು ಸುಮ್ಮನಾಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬ ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ನೀರನ್ನು ಬೊಗಸೆಯಲ್ಲಿ ಕುಡಿದರು. ಮೇಲ್ಜಾತಿಯವರು ಬಡಿಗೆ ಹಿಡಿದು ಬಿದ್ದರು. ಆಮೇಲೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ದನ ಮೈತೊಳೆದರೆ ಕೆಡದ ಕೆರೆ ಮನುಷ್ಯ ಮುಟ್ಟಿದರೆ ಕೆಟ್ಟಿತ್ತು! ಅದೇ ವರ್ಷದ ಆಗಸ್ಟಿನಲ್ಲಿ ಮುನಸಿಪಾಲ್ಟಿ ತನ್ನ ಠರಾವನ್ನೇ ವಾಪಸು ಪಡೆಯಿತು. ಡಿಸೆಂಬರಿನಲ್ಲಿ ಸವರ್ಣೀಯರು ಕೋರ್ಟಿಗೆ ಹೋದರು. ಅವರ ವಾದವನ್ನು ಗಮನಿಸಬೇಕು: ಕೆರೆ ಸಾರ್ವಜನಿಕ ಅಲ್ಲ, ನಮ್ಮ ಸ್ವಂತದ್ದು. ಜಾತಿಯ ಮಾತು ಕೋರ್ಟಿನಲ್ಲಿ ಸಾಗುವುದಿಲ್ಲ ಎಂದು ಗೊತ್ತಾದಾಗ ಅದು ಆಸ್ತಿಯ ಮಾತಾಯಿತು. ಹತ್ತು ವರ್ಷದ ಮೇಲೆ, 1937ರ ಮಾರ್ಚಿನಲ್ಲಿ, ಮುಂಬಯಿ ಹೈಕೋರ್ಟು ಈ ವಾದವನ್ನು ತಳ್ಳಿಹಾಕಿತು.

ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರು ಹಿಡಿದು ಹೇಳುವುದಕ್ಕೆ ಕಾರಣ ಈ ಇತಿಹಾಸವೇ. ಆದರೆ ಸಂವಿಧಾನ ಬಂದ ಹೊತ್ತಿಗೆ ನೀರು ನಿಧಾನವಾಗಿ ಕೆರೆ ಬಿಟ್ಟು ಕೊಳವೆಗೆ ಇಳಿಯುತ್ತಿತ್ತು. ಹುಬ್ಬಳ್ಳಿ ಧಾರವಾಡಕ್ಕೆ 1955ರಲ್ಲಿ ನೀರಸಾಗರ ಆಯಿತು, 1983ರಲ್ಲಿ ಸವದತ್ತಿಯ ಕಡೆಯಿಂದ ಮಲಪ್ರಭೆಯ ನೀರು ಬಂತು. ನಡುವೆ 1975ರಲ್ಲಿ ರಾಜ್ಯಕ್ಕೆ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಹುಟ್ಟಿತು. ಕೊಳವೆಗೆ ಜಾತಿ ಇಲ್ಲ ಅಂತಾರೆ. ಇರಬಹುದು. ಕೊಳವೆ ಎಲ್ಲಿಗೆ ಮುಗಿಯಬೇಕು ಎಂದು ಗೆರೆ ಎಳೆಯುವವನಿಗೆ ಇದೆ. ಮೇಲಿನ ಓಣಿಗೆ ಮನೆಗೊಂದು ನಳ, ಕೇರಿಯ ಬಾಯಿಗೆ ಎಲ್ಲರಿಗೂ ಸೇರಿ ಒಂದು ಬೀದಿ ನಳ: ಎಷ್ಟೋ ಊರುಗಳ ನಕಾಶೆ ಹೀಗೇ ಇತ್ತು. ಆದರೂ ಆ ಬೀದಿ ನಳಕ್ಕೆ ಒಂದು ಗುಣವಿತ್ತು. ಪಾಳಿ ಹಚ್ಚಿ ಜಗಳಾಡಿಯಾದರೂ ಕೊಡ ತುಂಬಿಕೊಳ್ಳಬಹುದಿತ್ತು. ಯಾರ ಕನಿಕರವೂ ಬೇಕಿರಲಿಲ್ಲ, ದುಡ್ಡೂ ಬೇಕಿರಲಿಲ್ಲ.

2003ರಲ್ಲಿ ಅವಳಿ ನಗರದ ನೀರಿನ ಉಸ್ತುವಾರಿ ಮಹಾನಗರ ಪಾಲಿಕೆಯ ಕೈಯಿಂದ ಮಂಡಳಿಯ ಕೈಗೆ ಹೋಯಿತು. 2004ರಲ್ಲಿ ವಿಶ್ವಬ್ಯಾಂಕು ಸಾಲ ಮಂಜೂರು ಮಾಡಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಗುಲ್ಬರ್ಗಾಗಳ ಸುಮಾರು ಹತ್ತರಲ್ಲೊಂದು ಪಾಲು ಜನಕ್ಕೆ ದಿನದ 24 ತಾಸೂ ನೀರು ಕೊಡುವ ಪ್ರಯೋಗ. ನಡೆಸುವವರು ವೆಯೋಲಿಯಾ ಎಂಬ ಫ್ರಾನ್ಸಿನ ಕಂಪನಿ. 2008ರ ಹೊತ್ತಿಗೆ ಆಯ್ದ ವಾರ್ಡುಗಳಲ್ಲಿ ನೀರು ನಿಲ್ಲದೆ ಹರಿಯತೊಡಗಿತು. ಉಳಿದ ವಾರ್ಡಿನವರು ಎರಡು ದಿನಕ್ಕೋ ಐದು ದಿನಕ್ಕೋ ಒಮ್ಮೆ ಬರುವ ನೀರಿಗೆ ರಾತ್ರಿ ಎಚ್ಚರವಿರುತ್ತಿದ್ದರು.

ಸತ್ಯ ಸತ್ಯವೇ, ಅದನ್ನು ಹೇಳಲು ಹಿಂಜರಿಯಬಾರದು. ಹುಬ್ಬಳ್ಳಿ ಧಾರವಾಡದಲ್ಲಿ ಅಮೆರಿಕದ ಬರ್ಕ್ಲಿಯ ಸಂಶೋಧಕರು ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಟ್ಟಾರೆ ಮಕ್ಕಳ ಭೇದಿ ಕಡಿಮೆ ಆದದ್ದು ಅವರಿಗೆ ಕಾಣಲಿಲ್ಲ. ಆದರೆ ನಿರಂತರ ನೀರಿದ್ದ ಕಡೆ ಟೈಫಾಯಿಡ್ ಕಡಿಮೆ ಇತ್ತು, ಬಡವರ ಮಕ್ಕಳಲ್ಲಿ ರಕ್ತಭೇದಿ ಕಡಿಮೆ ಇತ್ತು. ಖಾಸಗಿ ಕಂಪನಿ ಎಂಬ ಒಂದೇ ಕಾರಣಕ್ಕೆ ಈ ಮಾತನ್ನು ಮುಚ್ಚಿಡುವುದು ಕೇರಿಯ ಕೂಸುಗಳಿಗೆ ಮಾಡುವ ದ್ರೋಹ. ನಮ್ಮ ತಕರಾರು ಬೇರೆ ಕಡೆ ಇದೆ. ಆ ವಾರ್ಡುಗಳಲ್ಲಿ ಬೀದಿ ನಳಗಳನ್ನು ಕಿತ್ತುಹಾಕಿದರು. ಮನೆಮನೆಗೆ ಮೀಟರು ಬಂತು. ಹೆಚ್ಚು ಬಳಸಿದಷ್ಟೂ ದರ ಏರುವ ಲೆಕ್ಕ ಬಂತು. ಕಾರು ತೊಳೆಯುವವನು, ತೋಟಕ್ಕೆ ಹಾಯಿಸುವವನು ಹೆಚ್ಚು ಕೊಡಲಿ ಎಂಬ ಈ ಲೆಕ್ಕ ಕೇಳಲು ನ್ಯಾಯವಾಗಿದೆ. ಆದರೆ ಮೀಟರು ಎಣಿಸುವುದು ನೀರನ್ನು, ತಲೆಗಳನ್ನಲ್ಲ. ಒಂದು ವಠಾರ, ಆರು ಮನೆ, ಒಂದೇ ನಳ ಅಂತಿಟ್ಟುಕೊಳ್ಳಿ. ಆರೂ ಮನೆಯವರು ತಲಾ ನಾಲ್ಕು ಕೊಡ ಬಳಸಿದರೂ ಮೀಟರಿನ ಕಣ್ಣಿಗೆ ಅದು ಒಬ್ಬ ದೊಡ್ಡ ಖರ್ಚುಗಾರನ ಮನೆ. ಮೇಲಿನ ದರ ಬೀಳುವುದು ಅವರಿಗೇ. ಬಂಗಲೆಯೊಳಗಿನ ಇಬ್ಬರು ಮುದುಕರು ಕೆಳಗಿನ ದರದಲ್ಲಿ ಆರಾಮಾಗಿರುತ್ತಾರೆ.

ಇನ್ನು ಬಿಲ್ಲಿನ ಮೇಲಿನ ಹೆಸರು. ನಳ ಬೇಕೆಂದರೆ ಮನೆಯ ಉತಾರ ತಾ, ಕರ ಕಟ್ಟಿದ ಪಾವತಿ ತಾ ಅನ್ನುತ್ತಾರೆ. ಜಾಗ ನಿನ್ನದು ಅನ್ನುವುದಕ್ಕೆ ಏನು ಗುರುತು ಎಂಬ ಈ ಪ್ರಶ್ನೆ ಮಹಾಡದ ಸವರ್ಣೀಯರು ಕೋರ್ಟಿನಲ್ಲಿ ಹೂಡಿದ ವಾದದ ಹತ್ತಿರದ ನೆಂಟ. ಬೆಂಗಳೂರಿನ ಜಲಮಂಡಳಿ 1964ರಲ್ಲಿ ಹುಟ್ಟಿದ್ದು. ಹಕ್ಕುಪತ್ರವಿಲ್ಲದ ಕೊಳೆಗೇರಿಯವರಿಗೂ ನಳ ಕೊಡಬಹುದು ಎಂಬ ಪ್ರಯೋಗಕ್ಕೆ ಅದು ಕೈಹಾಕಿದ್ದು ಆಸ್ಟ್ರೇಲಿಯಾದ ನೆರವು ಬಂದ ಮೇಲೆ, 2000ದ ಸುಮಾರಿಗೆ. ಕೊಳೆಗೇರಿಯ ಜನ ಬಿಲ್ಲಿಗೆ ಹೆದರಿ ಓಡುತ್ತಾರೆ ಎಂಬ ಮಾತು ಅಧಿಕಾರಿಗಳ ಬಾಯಲ್ಲಿ ಸದಾ ಇರುತ್ತದೆ. ಆದರೆ ತಮ್ಮ ಹೆಸರಿನ ನೀರಿನ ಬಿಲ್ಲನ್ನು ರೇಷನ್ ಕಾರ್ಡಿನ ಜೊತೆ ಪೆಟ್ಟಿಗೆಯಲ್ಲಿ ಮಡಚಿಡುವವರೂ ಅವರೇ. ನಾಳೆ ಬುಲ್ಡೋಜರು ಬಂದರೆ 'ನಾವಿಲ್ಲೇ ಇದ್ದೇವೆ' ಅನ್ನುವುದಕ್ಕೆ ತೋರಿಸಲು ಅದೊಂದು ಕಾಗದವಿರುತ್ತದೆ.

ಹುಬ್ಬಳ್ಳಿಯ ಪ್ರಯೋಗ ಅಲ್ಲಿಗೇ ನಿಲ್ಲಲಿಲ್ಲ. ಅವಳಿ ನಗರದ ಕೆಲಸ ಎಲ್ ಅಂಡ್ ಟಿ ಕಂಪನಿಗೆ ಹೋಯಿತು. ಹಳ್ಳಿಗಳಿಗೆ 2019ರಿಂದ ಜಲಜೀವನ ಮಿಷನ್ ಬಂತು. ನಮ್ಮಲ್ಲಿ ಅದಕ್ಕೆ 'ಮನೆ ಮನೆಗೆ ಗಂಗೆ' ಎಂದು ಹೆಸರು. ತಲೆಗೆ ದಿನಕ್ಕೆ 55 ಲೀಟರು ಅದರ ಅಳತೆ. ಹಳ್ಳಿಯಲ್ಲಿ ನೀರಿನ ಕರ ಎತ್ತುವುದು ಗ್ರಾಮ ಪಂಚಾಯಿತಿ. ನಗರದಲ್ಲಿ ಬಿಲ್ಲು ಕೊಡುವವನ ಮುಖ ಯಾರಿಗೂ ಗೊತ್ತಿಲ್ಲ. ಹಳ್ಳಿಯಲ್ಲಿ ಬಾಕಿ ಕೇಳುವವನು ಯಾರ ಮನೆಯವನು, ಯಾವ ಓಣಿಯವನು ಎಂದು ಎಲ್ಲರಿಗೂ ಗೊತ್ತು.

ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 2011ರಲ್ಲಿ. 'ಕೆರೆಗೆ ಹಾರ'ದಂಥ ಹಾಡುಗಳನ್ನು ಓದುವುದು, ಓದಿಸುವುದು ಅಂಥ ಮನೆಗಳ ಕೆಲಸವೇ. ಕೆರೆಗೆ ನೀರು ಬರಲೆಂದು ಸೊಸೆ ಭಾಗೀರಥಿಯನ್ನು ಬಲಿ ಕೊಟ್ಟದ್ದನ್ನು ಆ ಹಾಡು ಹೇಳುತ್ತದೆ. ನೀರು ತುಂಬಿದ ಮೇಲೆ ಹೊಲಗೇರಿಯ ಕೊಡ ಆ ಕೆರೆಯಲ್ಲಿ ಮುಳುಗಿತೋ ಇಲ್ಲವೋ ಹೇಳುವುದಿಲ್ಲ. ಅದನ್ನು ಬಲ್ಲ ಮುದುಕಿಯರು ಇನ್ನೂ ಕೇರಿಗಳಲ್ಲಿದ್ದಾರೆ. ಬಾವಿಕಟ್ಟೆಯ ಕೆಳಗೆ ನಿಂತವರು ಅವರೇ, ಬೀದಿ ನಳಕ್ಕೆ ಪಾಳಿ ಹಚ್ಚಿದವರು ಅವರೇ. ಈಗ ಮೀಟರಿನ ಚೀಟಿ ಹಿಡಿದು, ಇದರಾಗ ಏನ್ ಬರದೈತಿ ನೋಡಪಾ ಅಂತ ಸಾಲಿ ಮಾಸ್ತರರ ಮುಂದೆ ಬಂದು ನಿಲ್ಲುವವರೂ ಅವರೇ.